ಖಾಲಿ ಇರಬೇಕಿದ್ದ ಲೇನ್

ಮಾರ್ಚ್ ೩

ರಕ್ತದ ಪ್ರೋಟೀನುಗಳನ್ನು ಸಾಲುಸಾಲಾಗಿ, ಒಬ್ಬೊಬ್ಬರಿಗೊಂದು ಲೇನಿನಂತೆ ಹರಡಿದ ಬ್ಲಾಟ್ ಹಾಳೆ ತೊಳೆಯುವುದರಲ್ಲೇ ಬೆಳಗಿನ ಹೊತ್ತು ಕಳೆಯಿತು. ಹಿಂದಿನ ಸಲಗಳಿಗಿಂತ ಚೆನ್ನಾಗಿ ಬಂದಿದೆ. ಅಕ್ಕನ ರಕ್ತದ ಲೇನಿನಲ್ಲಿ ಗೆರೆ ಎಳೆದಂತೆ ಕಡುಕಪ್ಪು ಬ್ಯಾಂಡ್, ನನ್ನದರಲ್ಲಿ ತೆಳು. ನಾವು ಹಾಕುವುದು ಸ್ಟಿಂಗ್ ಪ್ರೋಟೀನ್ ಇದ್ದಲ್ಲಿ ಮಾತ್ರ ಅಂಟಿ ಕಪ್ಪಾಗಿಸುವ ಆಂಟಿಬಾಡಿ. ವೈರಸ್ ನುಗ್ಗಿತೆಂದು ಜೀವಕೋಶದೊಳಗೆ ಬೊಬ್ಬೆ ಹಾಕುವ ಪ್ರೋಟೀನ್. ಅಕ್ಕನಲ್ಲಿ ಅದು ವಿಪರೀತ, ಯಾರೂ ಬರದಿದ್ದರೂ ಬೊಬ್ಬೆ. ಕೀಲುನೋವು, ಸುಸ್ತು ಎಲ್ಲ ಅದರಿಂದಲೇ... ಇಷ್ಟೇ ನನ್ನ ಥೀಸಿಸ್.

ಫೋಟೊ ಕಳಿಸಿದೆ. ಅಳುತ್ತಾ ಫೋನ್ ಮಾಡಿದಳು. “ನಿಮ್ಮ ಭಾವಂಗೆ ತೋರಿಸ್ದೆ ಕಣೇ. ಯಾವ ಡಾಕ್ಟರಿಗೂ ಏನೂ ಸಿಗ್ಲಿಲ್ಲ, ಎಲ್ಲಾ ನಾಟಕ ಅಂತಿದ್ರಲ್ಲ? ಇವತ್ತು ಅವರೇ ನನ್ನ ಮಾತ್ರೆ ತಂದುಕೊಟ್ರು!”

ಮಾರ್ಚ್ ೧೧

ಜನವರಿಯಲ್ಲಿ ಜರ್ನಲ್‌ಗೆ ಕಳಿಸಿದ್ದ ಪೇಪರ್ ಓದಿದ ರಿವ್ಯೂವರ್ ಮಹಾಶಯನದು ಒಂದೇ ತಕರಾರು. ಸ್ಟಿಂಗ್ ಜೀನನ್ನೇ ತೆಗೆದುಹಾಕಿದ ಸೆಲ್‌ಗಳ ಮೇಲೆ ಈ ಆಂಟಿಬಾಡಿ ಪರೀಕ್ಷಿಸಿದ್ದೀರಾ? ಇಲ್ಲ. ಡಬ್ಬಿಯ ಮೇಲೆ ಬರೆದದ್ದನ್ನು ನಂಬಿದ್ದೆವು, ಎಲ್ಲರ ಹಾಗೆ. ಪಕ್ಕದ ಲ್ಯಾಬಿನವರು ಅಂಥ ಸೆಲ್ಸ್ ಕೊಟ್ಟರು. ಶಾಸ್ತ್ರಕ್ಕೆ ಮಾಡಿ ಮುಗಿಸುವುದು. ಸ್ಟಿಂಗ್ ಇಲ್ಲದ ಆ ಸೆಲ್‌ಗಳ ಲೇನ್ ಖಾಲಿ ಬರಬೇಕು, ಅಷ್ಟೇ.

ಭಾವ ಬಟ್ಟೆ ಒಗೆದರಂತೆ. “ಕಾಲರಿನ ಕೊಳೆ ಹೋಗಿಲ್ಲ, ಹಾಗೇ ಮಡಚಿಟ್ಟೆ,” ಅಂತ ಅಕ್ಕ.

ಮಾರ್ಚ್ ೧೪

ಖಾಲಿ ಬರಲಿಲ್ಲ.

ಬ್ಯಾಂಡ್ ಇದೆ. ಅದೇ ಜಾಗ, ಅದೇ ಕಪ್ಪು. ಇಲ್ಲದ ಪ್ರೋಟೀನಿಗೆ ಹೇಗೆ ಅಂಟೀತು? ಬೇರೆ ಯಾವುದಕ್ಕೋ ಅಂಟಿದೆ. ಇಷ್ಟು ವರ್ಷವೂ ಅದಕ್ಕೇ ಅಂಟಿದ್ದು.

ಮಾರ್ಚ್ ೨೧

ಇನ್ನೊಂದು ಕಂಪನಿಯ ಆಂಟಿಬಾಡಿ ತರಿಸಿ ಹಾಕಿದೆ. ಈ ಸಲ ಆ ಲೇನ್ ಖಾಲಿ. ಅಕ್ಕನದೂ ನನ್ನದೂ ಒಂದೇ ತೆಳು — ಯಾವುದು ಯಾರದೆಂದು ಹೇಳಲು ಸಾಧ್ಯವೇ ಇಲ್ಲ.

ಗೈಡ್ ನನ್ನ ಮುಖ ನೋಡಲಿಲ್ಲ. “ಆ ಲೇನ್ ಬಿಟ್ಬಿಡಮ್ಮ. ಸೆಲ್ಸ್ ಸಿಗ್ಲಿಲ್ಲ ಅಂತ ಬರಿ.”

“ಆಗಲ್ಲ ಸರ್.”

ಅಲ್ಲಿಗೆ ಪೇಪರ್ ಹೋಯಿತು, ಥೀಸಿಸ್ಸೂ ಹೋಯಿತು. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಥೀಸಿಸ್ಸಿಗಲ್ಲ. ಅಕ್ಕನಿಗೆ ಯಾವ ಬಾಯಿಂದ ಹೇಳಲಿ? ನೋವು ನಿಜ, ನಾನು ಕೊಟ್ಟ ಕಾರಣವಷ್ಟೇ ಸುಳ್ಳು ಅಂದರೆ ಭಾವ ಕೇಳುತ್ತಾರೆಯೇ? ಮತ್ತೆ ನಾಟಕ ಅನ್ನುತ್ತಾರೆ.

ಏಪ್ರಿಲ್ ೬

ಹೇಳಿಯೇ ಬರುವುದೆಂದು ಅಕ್ಕನ ಮನೆಗೆ ಹೋದೆ. ಬಾಗಿಲು ತೆಗೆದವರು ಭಾವ, ಕೈಯಲ್ಲಿ ಪೊರಕೆ.

“ಮೆಲ್ಲಗೆ ಬಾ, ಈಗಷ್ಟೇ ಮಲಗಿದಾಳೆ. ರಾತ್ರಿಯೆಲ್ಲಾ ನೋವು.”

ಕೂತೆ. ಎಲ್ಲಿಂದ ಶುರು ಮಾಡಲಿ ಎಂದು ಒದ್ದಾಡುತ್ತಿದ್ದೆ. ಅವರೇ ಮಾತು ತೆಗೆದರು.

“ಇಷ್ಟು ವರ್ಷ ಅವಳನ್ನ ನಂಬ್ಲಿಲ್ಲ ನಾನು. ನೀನು ಕಣ್ಣು ತೆರೆಸಿದೆ. ದೊಡ್ಡಾಸ್ಪತ್ರೇಲಿ ಇನ್ನೂ ಏನೇನೋ ಟೆಸ್ಟ್ ಮಾಡ್ಬೇಕು ಅಂದಿದ್ರು, ಬೇಡ ಅಂದ್ವಿ. ಕಾರಣ ಗೊತ್ತಾಯ್ತಲ್ಲ... ಇನ್ನೇನಾದ್ರೂ ಹೊಸದು ಸಿಕ್ತಾ?”

“ಇಲ್ಲ ಭಾವ,” ಅಂದೆ.

ಕಾಫಿ ಮಾಡಿಕೊಟ್ಟರು. ಕುಡಿದು ಬಂದೆ.

ಅವಳನ್ನು ಹಿಂಡುತ್ತಿರುವುದು ಬೇರೇನೋ. ಅದನ್ನೀಗ ಯಾರೂ ಹುಡುಕುತ್ತಿಲ್ಲ, ನನ್ನಿಂದಾಗಿ. ಬೆಳಗಾದ ತಕ್ಷಣ ಫೋನ್ ಮಾಡಿ, ಮೊದಲು ಟೆಸ್ಟ್ ಮಾಡಿಸು ಅಕ್ಕ ಅಂದು, ಆಮೇಲೆ ನಿಧಾನವಾಗಿ

ಈಗಲೇ ಫೋನ್ ಬರ್ತಿದೆ. ಭಾವನದು. ರಾತ್ರಿ ಎರಡು ಗಂಟೆಗೆ ಯಾಕೆ