ಮೇನ್ ಇಲ್ಲದ ಪ್ರೋಗ್ರಾಮುಗಳು

ಪ್ರೀತಿಯ ಗೀತಕ್ಕಾ,

ಹೊಸನಗರದ ಕಾಲೇಜಿನಲ್ಲಿ ನೀವು ನಮಗೆ ಮೊದಲ ಸಲ ಜಾವಾ ಪ್ರೋಗ್ರಾಮಿಂಗ್ ಪಾಠ ಮಾಡಿದ ಬೆಳಿಗ್ಗೆ ನೆನಪಾಗುತ್ತಿದೆ. ನಾನು ತೀರ್ಥಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ, ಕಂಪ್ಯೂಟರಿನ ಮುಂದೆ ಕೂತರೆ ಕೈ ಬೆವರುತ್ತಿದ್ದ ಹುಡುಗಿ. ಬೇರೆ ಕಡೆಯೆಲ್ಲ ಜಾವಾ ಶುರುವಾಗುತ್ತಿದ್ದದ್ದು 'ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್' ಎಂಬ ಸಾಲಿನಿಂದ. ಯಾಕೆ ಎಂದು ಕೇಳುವ ಹಾಗಿಲ್ಲ, ಬರೆದುಕೊಳ್ಳಬೇಕು ಅಷ್ಟೆ. ನೀವು ಆ ಸಾಲಿನ ಸುದ್ದಿಯನ್ನೇ ಎತ್ತಲಿಲ್ಲ. ಹೊಸಬರಿಗೆಂದೇ ಮಾಡಿದ ಒಂದು ಪುಟ್ಟ ಸಾಫ್ಟ್‌ವೇರ್ ತೆರೆದಿರಿ. ಪರದೆಯ ಮೇಲೊಂದು ಪೆಟ್ಟಿಗೆ. ಅದರ ಮೇಲೆ ಮೌಸ್ ಒತ್ತಿದರೆ ಕೆಳಗೆ ಇನ್ನೊಂದು ಸಣ್ಣ ಪೆಟ್ಟಿಗೆ. "ಇದೊಂದು ಎಮ್ಮೆ ಅಂತ ತಿಳ್ಕೊ. ಹೆಸ್ರಿಡು. ಈಗ ಅದಕ್ಕೊಂದು ಕೆಲ್ಸ ಹೇಳು, ಮಾಡುತ್ತಾ ನೋಡೋಣ" ಎಂದಿರಿ. ನಾನು ಮೌಸ್ ಒತ್ತಿದೆ. ಅದು ಮಾಡಿತು. ನಾನು ಹೇಳಿದ್ದನ್ನು ಒಂದು ಯಂತ್ರ ಕೇಳಿತು ಎಂಬ ಆ ಬೆರಗು...

ವರ್ಷಗಳ ನಂತರ, ನೀವು ವರ್ಗವಾಗಿ ಬಂದಿದ್ದ ಸಾಗರದ ಕಾಲೇಜಿಗೆ ನಾನೂ ನಿಮ್ಮ ಜೊತೆಗೇ ಪಾಠ ಮಾಡಲು ಬಂದಾಗ, ಆ ಸಾಲನ್ನು ಯಾಕೆ ಮೊದಲೇ ಕಲಿಸುವುದಿಲ್ಲ ಎಂದು ಕೇಳಿದ್ದೆ. "ಅರ್ಥ ಆಗದ್ದನ್ನ ಮೊದಲ ದಿನಾನೇ ಬಾಯಿಪಾಠ ಮಾಡ್ಸಿದ್ರೆ, ಆಮೇಲೆ ಅವ್ರು ಏನನ್ನೂ ಕೇಳೋದೇ ಇಲ್ಲ ಸುಧಾ" ಎಂದಿರಿ. ಮಕ್ಕಳು ಆ ಪುಟ್ಟ ಸಾಫ್ಟ್‌ವೇರಿನಲ್ಲಿ ಆರಾಮಾಗಿ ಓಡಾಡುವಂತಾದ ಮೇಲೆ, ಅವರ ಪ್ರೋಗ್ರಾಮುಗಳನ್ನೆಲ್ಲ ಕಂಪನಿಗಳಲ್ಲಿ ಪ್ರೋಗ್ರಾಮು ಬರೆಯಲು ಬಳಸುವ ದೊಡ್ಡ ಸಾಫ್ಟ್‌ವೇರಿಗೆ, ಐಡಿಇಗೆ, ಸಾಗಿಸುವುದು ನಿಮ್ಮ ಲೆಕ್ಕಾಚಾರ. "ಆ ದಿನ ನಾನೇ ಇರ್ತೀನಿ. ಅಲ್ಲಿ ಮಕ್ಳು ಹೆದರ್ತಾವೆ" ಎಂದು ಕೊನೆಯ ಸಲ ಸ್ಟಾಫ್ ರೂಮಿನಲ್ಲಿ ಹೇಳಿದಿರಿ. ಆಗಲೇ ಕೂದಲು ಉದುರಿದ ನಿಮ್ಮ ತಲೆಯ ಮೇಲೆ ಆ ನೀಲಿ ಸ್ಕಾರ್ಫ್ ಇತ್ತು. ನಾನೇ ಇರ್ತೀನಿ ಎಂದಾಗ ನಿಮಗೆ ನಿಜಕ್ಕೂ ಹಾಗನ್ನಿಸಿತ್ತೇ, ಅಕ್ಕಾ? ಅಥವಾ ನನ್ನ ಮುಖ ನೋಡಿ...

ದೀಪಾವಳಿ ಕಳೆದ ಮೇಲೆ ನೀವು ಹೋದಿರಿ. ಕಾಲೇಜು ಒಂದು ದಿನ ಮುಚ್ಚಿ ಮತ್ತೆ ತೆರೆಯಿತು. ನಾಗವೇಣಿ ಮಾತ್ರ ಬರಲಿಲ್ಲ. ನಿಮ್ಮ ನಾಗವೇಣಿ, ಹಿನ್ನೀರಿನ ಆಚೆಯ ಬ್ಯಾಕೋಡಿನವಳು, ದಿನಾ ಲಾಂಚ್ ದೋಣಿಯಲ್ಲಿ ನೀರು ದಾಟಿ ಬಸ್ಸು ಹಿಡಿದು ಬರುತ್ತಿದ್ದವಳು. ಒಂದು ವಾರ ಕಾದು ಅವಳ ಅಪ್ಪನಿಗೆ ಫೋನ್ ಮಾಡಿದೆ. "ಆ ಮೇಡಂ ಇದ್ರು ಅಂತ ಧೈರ್ಯ ಇತ್ತು ನೋಡಿ. ಲ್ಯಾಬ್ ಮುಗ್ಯೋದು ತಡ ಆಗಿ ಲಾಂಚ್ ತಪ್ಪಿದ್ರೆ ಅವ್ರ ಮನೇಲೇ ಉಳಿಸ್ಕಳ್ತಿದ್ರು. ಇನ್ನು ಯಾರ್ ನೋಡ್ತಾರೆ? ಸಾಕು ಬಿಡಿ, ಓದಿದ್ದಾತು" ಎಂದರು. ನೀವು ಅವಳನ್ನು ಮನೆಯಲ್ಲಿ ಉಳಿಸಿಕೊಳ್ಳುತ್ತಿದ್ದ ವಿಷಯ ನನಗೆ ಗೊತ್ತೇ ಇರಲಿಲ್ಲ. ಯಾಕೆ ಹೇಳಲಿಲ್ಲ ನೀವು? "ನಮ್ಮನೇಲಿ ಉಳೀತಾಳೆ, ಕಳ್ಸಿ" ಎಂದೆ. "ನೋಡ್ತೀನಿ" ಎಂದು ಅವರು ಫೋನ್ ಇಟ್ಟರು. ಸೋಮವಾರ ನಾಗವೇಣಿ ಬಂದಳು, ಹಿಂದಿನ ಬೆಂಚಿನಲ್ಲಿ ಕೂತಳು, ಯಾರ ಜೊತೆಗೂ ಸೇರಲಿಲ್ಲ.

ಪ್ರೋಗ್ರಾಮುಗಳನ್ನು ದೊಡ್ಡ ಐಡಿಇಗೆ ಸಾಗಿಸಿದ ದಿನವನ್ನು ನಿಮಗೆ ಹೇಳಲೇಬೇಕು. ಹೊಸ ಪ್ರಾಜೆಕ್ಟ್ ಮಾಡಿಸಿದೆ, ಫೈಲುಗಳನ್ನು ಅದರೊಳಗೆ ಹಾಕಿಸಿದೆ. ಪರದೆಯ ತುಂಬ ತಪ್ಪು ತೋರಿಸುವ ಕೆಂಪು ಗೆರೆ. ಪ್ರತಿ ಫೈಲಿನ ತಲೆಯಲ್ಲಿ ಅದು ಸೇರಿದ ಕಂತೆಯ, ಅಂದರೆ ಪ್ಯಾಕೇಜಿನ, ಹೆಸರು ಬರೆಸಿದ ಮೇಲೆ ಗೆರೆಗಳೇನೋ ಹೋದವು. ಆದರೆ ರನ್ ಒತ್ತಿದರೆ ಒಂದೇ ಉತ್ತರ: ಮೇನ್ ಸಿಗಲಿಲ್ಲ. ಎಲ್ಲರ ಪರದೆಯಲ್ಲೂ ಅದೇ. ನಿಮ್ಮ ಪೆಟ್ಟಿಗೆಗಳಿಲ್ಲ, ಮೌಸ್ ಒತ್ತಲು ಜಾಗವಿಲ್ಲ. ನಾಗವೇಣಿ ಆ ದಿನ ಮೊದಲ ಸಲ ಬಾಯಿಬಿಟ್ಟಳು. "ನಮ್ ಪ್ರೋಗ್ರಾಮು ಸತ್ತೋಯ್ತಾ ಮೇಡಂ?"

ನಾನು ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತೆ. ಮುಖ ತೊಳೆದುಕೊಂಡೆ. ನೀವಿದ್ದಿದ್ದರೆ ಏನು ಹೇಳುತ್ತಿದ್ದಿರಿ? ಏನೂ ಹೇಳುತ್ತಿರಲಿಲ್ಲವೇನೋ, ತಿರುಗಿ ಕೇಳುತ್ತಿದ್ದಿರಿ. ಒಳಗೆ ಬಂದು ನಾನೂ ಕೇಳಿದೆ. "ಇಷ್ಟು ದಿನ ನಿನ್ನ ಲಾಂಚನ್ನ ಹೊರಡಿಸ್ತಾ ಇದ್ದಿದ್ದು ಯಾರು?"

ಅವಳ ಪ್ರಾಜೆಕ್ಟೇ ಲಾಂಚ್ ಅಲ್ಲವೇ? ದಡದಲ್ಲಿ ಕಾಯುವ ಜನ, ಹತ್ತಿಸಿಕೊಳ್ಳುವುದು, ಜಾಗ ಮುಗಿದರೆ ನಿಲ್ಲಿಸುವುದು. ಅವಳು ಯೋಚಿಸಿದಳು. "ನಾನೇ. ಮೌಸಲ್ಲಿ."

"ಮೊದಲು ಏನ್ ಮಾಡ್ತಿದ್ದೆ?"

"ಒಂದು ಹೊಸ ಲಾಂಚ್ ಮಾಡ್ತಿದ್ದೆ. ಆಮೇಲೆ ಜನ ಹತ್ತಿಸ್ತಿದ್ದೆ. ಆಮೇಲೆ ಹೊರಡು ಅಂತಿದ್ದೆ."

"ಅದನ್ನೇ ಬರೆದುಬಿಡು" ಎಂದೆ. ಆಗ ನಾನು ಬೋರ್ಡಿನ ಮೇಲೆ ಆ ಉದ್ದನೆಯ ಸಾಲನ್ನು ಬರೆದೆ. ಮೇನ್ ಎಂದರೆ ಶುರುವಾಗುವ ಜಾಗ, ಇಷ್ಟು ದಿನ ಕೈಯಲ್ಲಿ ಮಾಡುತ್ತಿದ್ದದ್ದನ್ನೆಲ್ಲ ಇನ್ನು ಇದರೊಳಗೆ ಸಾಲಾಗಿ ಬರೆಯಬೇಕು ಎಂದು ಮಕ್ಕಳಿಗೆ ಹೇಳಿದೆ. ಅವಳು ಬರೆದಳು. ಒತ್ತಿದಳು. ಲಾಂಚ್ ಹೊರಟಿತು. ಪಕ್ಕದ ಸಾಲಿನವರು ಎದ್ದು ಬಂದು ಅವಳ ಪರದೆ ನೋಡಿದರು. ಅಕ್ಕಾ, ಆ ಸಾಲನ್ನು ಅಷ್ಟು ತಿಂಗಳು ಯಾಕೆ ಬಚ್ಚಿಟ್ಟಿದ್ದಿರಿ ಎಂಬುದು ನನಗೂ ಆಗಲೇ ಪೂರ್ತಿ ಅರ್ಥವಾದದ್ದು. ಅದನ್ನು ಬರೆದಾಗ ಆ ತರಗತಿಯಲ್ಲಿ ಒಬ್ಬರಿಗೂ ಅದು ಮಂತ್ರದ ಹಾಗೆ ಕಾಣಲಿಲ್ಲ.

ಇನ್ನೊಂದು ಆಯಿತು. ಪ್ರೋಗ್ರಾಮಿನ ಸಾಲುಗಳ ನಡುವೆ ನೀವು ಮಕ್ಕಳಿಗೆಂದು ಕನ್ನಡದಲ್ಲಿ ಕಾಮೆಂಟ್ ಬರೆಯುತ್ತಿದ್ದಿರಲ್ಲ, ಕಂಪ್ಯೂಟರ್ ಓದದೆ ದಾಟಿಹೋಗುವ ಸಾಲುಗಳು, ಅವೆಲ್ಲ ಹೊಸ ಐಡಿಇಯಲ್ಲಿ ವಿಚಿತ್ರ ಚಿಹ್ನೆಗಳಾಗಿಬಿಟ್ಟಿದ್ದವು. ಪ್ರೋಗ್ರಾಮಿಗೇನೂ ತೊಂದರೆ ಇಲ್ಲ, ಅಳಿಸಿದರೂ ಓಡುತ್ತದೆ ಎಂದೆ. "ಅದು ಗೀತಾ ಮೇಡಂ ಬರ್ದಿದ್ದು, ಅಳ್ಸಲ್ಲ" ಎಂದಳು ನಾಗವೇಣಿ. ಆಮೇಲೆ ಅವಳೂ ನಾನೂ ಸೇರಿ ಸೆಟ್ಟಿಂಗುಗಳನ್ನೆಲ್ಲ ಹುಡುಕಿದೆವು. ಅಕ್ಷರಗಳನ್ನು ಯಾವ ಪದ್ಧತಿಯಲ್ಲಿ ಓದಬೇಕು ಎಂಬುದು ಅಲ್ಲಿ ತಪ್ಪಾಗಿತ್ತು. ಯುಟಿಎಫ್-೮ ಎಂದು ಬದಲಿಸಿದ ಕೂಡಲೇ ನಿಮ್ಮ ಅಕ್ಷರಗಳು ಎದ್ದು ಬಂದವು. ಅವಳು ಗಟ್ಟಿಯಾಗಿ ಓದಿದಳು: "ಜಾಗ ಇದೆಯಾ ಅಂತ ಮೊದಲು ಕೇಳು, ಆಮೇಲೆ ಹತ್ತಿಸು. ದಡದಲ್ಲಿ ಉಳಿದವರನ್ನು ಮರೆಯಬೇಡ, ಮುಂದಿನ ಸಲಕ್ಕೆ ಅವರೇ ಮೊದಲು." ನಿಮ್ಮನ್ನು ಕೊನೆಯ ಸಲ ನೋಡಲು ಬಂದಾಗ ಮನೆಯಂಗಳದಲ್ಲಿ ಅಳಲಾಗದೆ ನಿಂತಿದ್ದ ಹುಡುಗಿ ಅಂದು ಕೀಬೋರ್ಡಿನ ಮೇಲೆ ತಲೆಯಿಟ್ಟು ಅತ್ತಳು. ನಾನು ತಡೆಯಲಿಲ್ಲ.

ಆಷಾಢದಲ್ಲಿ ಹಿನ್ನೀರಿನ ಸೇತುವೆ ತೆರೆಯಿತು, ಅಕ್ಕಾ. ನೀವು ಕಂಬಗಳನ್ನಷ್ಟೇ ನೋಡಿದ್ದಿರಿ. ಈಗ ಬಸ್ಸು ಬ್ಯಾಕೋಡಿನಿಂದ ನೇರ ಸಾಗರಕ್ಕೆ ಬರುತ್ತದೆ. ಪ್ರಾಜೆಕ್ಟ್ ವೈವಾದ ದಿನ ಹೊರಗಿನಿಂದ ಬಂದ ಪರೀಕ್ಷಕರು ನಾಗವೇಣಿಯನ್ನು ಕೇಳಿದರು. "ಸೇತುವೆ ಆಯ್ತಲ್ಲಮ್ಮಾ, ಇನ್ನು ನಿನ್ ಲಾಂಚ್ ಯಾರಿಗೆ?" ಅವಳು ಇನ್ನೊಂದು ಫೈಲ್ ತೆರೆದಳು. "ಬಸ್ಸಿಗೂ ಬರ್ದಿದೀನಿ ಸರ್. ಕಾಯೋ ಜನ ಅವ್ರೇ ಅಲ್ವಾ?" ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. "ಯಾರು ಹೇಳ್ಕೊಡೋದು ನಿಂಗೆ ಇದನ್ನೆಲ್ಲ?"

"ಗೀತಾ ಮೇಡಂ ಹೇಳ್ಕೊಡ್ತಾರೆ ಸರ್."

ಪಕ್ಕದಲ್ಲೇ ಕೂತಿದ್ದ ನಾನು ಅದನ್ನು ತಿದ್ದಲಿಲ್ಲ. ತಿದ್ದಬೇಕಿತ್ತೇ? ಅವಳೀಗ ಮುಂದೆ ಓದುತ್ತಿದ್ದಾಳೆ. ಅವಳ ಅಪ್ಪ ತಾವೇ ಹೋಗಿ ಸೇರಿಸಿ ಬಂದರು, ದಾರಿಯಲ್ಲಿ ನಮ್ಮ ಮನೆಗೂ ಬಂದು ಒಂದು ಲೋಟ ಕಷಾಯ ಕುಡಿದು ಹೋದರು.

ಮೊನ್ನೆ ಹೊಸ ಮಕ್ಕಳು ಬಂದರು. ನಿಮ್ಮನ್ನು ನೋಡಿಯೇ ಇರದ ಮೊದಲ ತಂಡ. ಅವರಲ್ಲೊಬ್ಬಳು ಕೀ ಮೇಲೆ ಬೆರಳಿಟ್ಟುಕೊಂಡು, ಒತ್ತದೆ, ನನ್ನನ್ನೇ ನೋಡುತ್ತಿದ್ದಳು. "ತಪ್ಪಾದ್ರೆ ಕಂಪ್ಯೂಟರ್ ಹಾಳಾಗುತ್ತಾ ಮೇಡಂ?" ಹೆದರಬೇಡ, ಏನೂ ಆಗುವುದಿಲ್ಲ ಎಂದು ಹೇಳಹೊರಟ ನನ್ನ ಬಾಯಿಂದ ನಿಮ್ಮ ಮನೆಮಾತು ಬಂದುಬಿಟ್ಟಿತು, ನಮ್ಮ ಮನೆಯಲ್ಲಿ ಯಾರೂ ಆಡದ ಮಾತು, ನೀವು ತೀರ ಅಕ್ಕರೆಯಾದಾಗ ಮಾತ್ರ ಆಡುತ್ತಿದ್ದದ್ದು. "ಹೆದ್ರಡ ಕೂಸೇ, ಎಂತೂ ಆಗ್ತಿಲ್ಲೆ."

ಮಕ್ಕಳು ನಕ್ಕರು. ಅವಳು ಒತ್ತಿದಳು.

ನಿಮ್ಮ
ಸುಧಾ