ಮುಖ ನೋಡಿ ಬಿಟ್ಟ ಚೀಲ

ದರ್ಬೆ, ಪುತ್ತೂರು
೨೦-೧-೨೦೨೫, ಸೋಮವಾರ

ಪ್ರೀತಿಯ ಮೊಮ್ಮಗಳು ಭವಿತಾಳಿಗೆ ಅಜ್ಜನ ಆಶೀರ್ವಾದಗಳು.

ಹೇಗಿದ್ದೀ ಮಗಾ? ಬೆಂಗಳೂರಿನ ಚಳಿಗೆ ಗಂಟಲು ಕಟ್ಟಿದೆಯಂತೆ, ನಿನ್ನ ಅಮ್ಮ ಹೇಳಿದಳು. ಕಾಳುಮೆಣಸಿನ ಕಷಾಯ ಕುಡಿ. ಸ್ಟೇಡಿಯಂ ಮೇಲೆ ಡ್ರೋನ್ ಬಂದೀತೋ ಎಂದು ದಿನವಿಡೀ ಕತ್ತೆತ್ತಿ ನಿಲ್ಲುವ ಕೆಲಸ ನಿನ್ನದು, ಕುತ್ತಿಗೆಗೂ ಸ್ವಲ್ಪ ಎಣ್ಣೆ ತಿಕ್ಕಿಕೋ. ನಮ್ಮ ಹುಡುಗಿ ಸಬ್ ಇನ್‌ಸ್ಪೆಕ್ಟರ್ ಎಂದು ಊರಿಡೀ ಹೇಳಿಕೊಂಡು ತಿರುಗಿದ ಬಾಯಿ ನನ್ನದು. ಇವತ್ತು ಫೋನಿನಲ್ಲಿ ಹೇಳಲು ಅದೇ ಬಾಯಿ ಬರುವುದಿಲ್ಲ, ಅದಕ್ಕೇ ಈ ಕಾಗದ.

ನಿನ್ನೆ ಸಂಜೆ ಇಲ್ಲಿ ರಾಜ್ಯಮಟ್ಟದ ಕಬಡ್ಡಿ ಫೈನಲ್. ಗ್ಯಾಲರಿ ತುಂಬ ಜನ. ಡ್ರೋನ್ ಒಳಗೆ ಬರಬಾರದೆಂದು ಪೊಲೀಸರ ಕಟ್ಟಪ್ಪಣೆ. ಹಳೆಯ ಪಿ.ಟಿ. ಮಾಸ್ಟ್ರು, ಶಿಸ್ತಿನ ಮನುಷ್ಯ ಎಂದು ಸಮಿತಿಯವರು ನನ್ನನ್ನೇ ಗೇಟಿಗೆ ಹಾಕಿದರು. ನೀನು ಫೋನಿನಲ್ಲಿ ಹೇಳಿದ್ದೆ, "ಅಜ್ಜಾ, ಚೀಲ ನೋಡಿ, ಮುಖ ನೋಡ್ಬೇಡಿ." ನನಗೇ ಕಲಿಸ್ತೀಯಾ ಮಾರಾಯ್ತಿ ಎಂದು ನಕ್ಕಿದ್ದೆ.

ಮೊದಲು ಬಂದವನು ಸವಣೂರಿನ ಮುನವ್ವರ್. ಮದುವೆ ಫೋಟೋ ತೆಗೆಯುವವನು, ನನ್ನ ಶಿಷ್ಯನೇ. ಸಮಿತಿಯವರೇ ಕರೆಸಿದ್ದರು. ಆದರೂ ಅವನ ಚೀಲವನ್ನು ಎಲ್ಲರೆದುರು ಮೇಜಿನ ಮೇಲೆ ಬೋರಲು ಹಾಕಿಸಿದೆ. ಹೋದವನನ್ನು ಮತ್ತೆ ಕರೆದು ಇನ್ನೊಮ್ಮೆ ಹಾಕಿಸಿದೆ. ಅವನ ಹೆಸರು ಬೇರೆ ಇದ್ದಿದ್ದರೆ ಎರಡನೇ ಸಲ ಕರೆಯುತ್ತಿರಲಿಲ್ಲ, ನಿನ್ನೆದುರು ಸುಳ್ಳು ಯಾಕೆ? "ಇನ್ನೂ ನೋಡ್ಲಿಕ್ಕುಂಟಾ ಮಾಸ್ಟ್ರೇ?" ಎಂದು ನಗುತ್ತಲೇ ಕೇಳಿದ. ಅವನ ಹಿಂದೆಯೇ ನಿನ್ನ ತಮ್ಮ ಮೋಕ್ಷಿತ್, ಹೆಗಲಲ್ಲಿ ದೊಡ್ಡ ಚೀಲ. ನಮ್ಮವನೇ ಅಲ್ಲವಾ, ಹೋಗು ಹೋಗು ಎಂದು ಬೆನ್ನು ತಟ್ಟಿ ಬಿಟ್ಟೆ.

ಅದರೊಳಗಿತ್ತು ಡ್ರೋನ್! ಗೆಳೆಯನಿಂದ ತಂದದ್ದು, ರೀಲ್ಸಿಗಂತೆ. ಆಟದ ನಡುವೆ ಮೇಲೆದ್ದದ್ದು ದೀಪದ ತಂತಿಗೆ ತಾಗಿ ಗ್ಯಾಲರಿಗೆ ಬಿತ್ತು. ಜನ ಕಿರುಚಿಕೊಂಡು ಓಡಿದರು. ಕಮಲಾವತಿ ಟೀಚರ್ ಬಿದ್ದು ಮುಂಗೈ ಮುರಿದುಕೊಂಡರು. ಕ್ಯಾಮೆರಾ ಹಿಡಿದಿದ್ದ ಮುನವ್ವರನನ್ನು ನೋಡಿ "ಇವಂದೇ!" ಎಂದು ಯಾರೋ ಕೂಗಿದರು. ಪೊಲೀಸರು ನನ್ನನ್ನು ಕೇಳಿದರು, "ಇವನ ಚೀಲ ನೋಡಿದ್ರಾ ಮಾಸ್ಟ್ರೇ?" ಮುನವ್ವರ್ ನನ್ನನ್ನೇ ನೋಡುತ್ತಿದ್ದ. ಆಚೆ ಮೋಕ್ಷಿತ್ ಬೆವರಿಕೊಂಡು ನಿಂತಿದ್ದ. ನೋಡಿದ ಕೂಡಲೇ ನನಗೆ ಎಲ್ಲ ಗೊತ್ತಾಯಿತು. ಜನ ತುಂಬ ಇತ್ತು, ನೆನಪಿಲ್ಲ ಎಂದುಬಿಟ್ಟೆ. ಎರಡು ಸಲ ಬೋರಲು ಹಾಕಿಸಿದ ಚೀಲ ನೆನಪಿಲ್ಲವಂತೆ. ಥೂ, ನನ್ನ ಜನ್ಮಕ್ಕಿಷ್ಟು!

ಮುನವ್ವರನನ್ನು ವಿಚಾರಣೆಗೆ ಇವತ್ತೂ ಕರೆಸಿದ್ದಾರೆ. ಕ್ಯಾಮೆರಾ ಠಾಣೆಯಲ್ಲೇ ಉಂಟು. ಫೋಟೋ ತೆಗೆಯಲು ಹೇಳಿದ್ದ ಮದುವೆಯವರೂ ಬೇಡವೆಂದರಂತೆ. "ಸುಮ್ಮನಿರಿ, ಭವಿಯ ಕೆಲಸಕ್ಕೂ ತೊಂದ್ರೆ ಆದೀತು" ಎನ್ನುತ್ತಾನೆ ನಿನ್ನ ಅಪ್ಪ. ಬೆಳಿಗ್ಗೆ ಮುನವ್ವರನ ಹೆಂಡತಿ ಶಿಫಾ ಬಂದಿದ್ದಳು, "ಮಾಸ್ಟ್ರು ಒಂದು ಮಾತು ಹೇಳಿದ್ರೆ ಸಾಕು" ಎಂದು. ನಾನು ಒಳಗೆ ಕೂತುಕೊಂಡೇ ಮನೆಯಲ್ಲಿಲ್ಲ ಎಂದು ಹೇಳಿಸಿದೆ. ಅವಳು ಜಗಲಿಯ ಮೇಲೆ ನನ್ನ ಚಪ್ಪಲಿ ನೋಡಿಕೊಂಡು ಹೋದಳು. ನಾಚಿಕೆಯಲ್ಲಿ ಅನ್ನ ಇಳಿಯುವುದಿಲ್ಲ ಮಗಾ.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಜ್ಜ,
ಮೇದಪ್ಪ

ತಾ.ಕ.: ಅಂಗಿ ಹಾಕಿಕೊಂಡೆ. ಮೋಕ್ಷಿತನೂ ರಿಮೋಟ್ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಾನೆ, ಅಳುತ್ತಿದ್ದಾನೆ. ಇಬ್ಬರೂ ಠಾಣೆಗೆ ಹೊರಟೆವು. ನಿನ್ನ ಅಮ್ಮ ಈ ಕಾಗದದ ಫೋಟೋ ತೆಗೆದು ಈಗಲೇ ನಿನಗೆ ಕಳಿಸುತ್ತಾಳೆ. ಭವಿತಾ ಮೇಡಂ ಅವರ ಅಜ್ಜ ಎಂದು ಅಲ್ಲಿ ಎದ್ದು ಕುರ್ಚಿ ಕೊಡುತ್ತಾರೆ, ನನಗೆ ಗೊತ್ತು. ನಾವು ಮುಟ್ಟುವ ಮೊದಲು ಅವರಿಗೊಂದು ಫೋನ್ ಮಾಡು ಮಗಾ. ಮುಖ ನೋಡಬೇಡಿ ಎಂದು ಹೇಳು.