ಪ್ರಾರ್ಥನೆಯ ಹೊತ್ತು

ಶ್ರೀರಾಂಪುರ

ಕೊಟ್ರಪ್ಪ ಮಾವನಿಗೆ,

ಭಾನುವಾರ ಅಪ್ಪನನ್ನು ನೋಡಲು ಹೊಳಲ್ಕೆರೆಯಿಂದ ಬರುತ್ತೀರೆಂದು ತಿಳಿಯಿತು. ಖಂಡಿತ ಬನ್ನಿ. ಅವರಿಗೀಗ ನನ್ನ ಗುರುತೂ ಹತ್ತುವುದಿಲ್ಲ. ನೀವಿಬ್ಬರೂ ಮೇಷ್ಟ್ರಾಗಿದ್ದಾಗ ಪ್ರತಿ ಜನವರಿ ಶಾಲೆಯಲ್ಲಿ ಆಡುತ್ತಿದ್ದ ನಾಟಕದ ಗಾಂಧಿ ಪಾತ್ರವಷ್ಟೇ ಅವರಲ್ಲಿ ಉಳಿದಿದೆ. ಈ ಚಳಿಯಲ್ಲೂ ಅಂಗಿ ತೊಡಿಸಿದರೆ ಕಿತ್ತೆಸೆಯುತ್ತಾರೆ. ಸಂಜೆಯಾದರೆ ಬಾಗಿಲು ನೋಡುತ್ತಾ, "ಪ್ರಾರ್ಥನೆ ಹೊತ್ತಾತು, ಅವನು ಇನ್ನೂ ಬರ್ಲಿಲ್ವೇನವ್ವ?" ಎನ್ನುತ್ತಾರೆ.

ಆ ನಾಟಕದಲ್ಲಿ ಅವರಿಗೆ ಕೈಮುಗಿದು, ಆಮೇಲೆ ಗುಂಡು ಹಾರಿಸುತ್ತಿದ್ದವರು ನೀವಲ್ಲವೇ.

ಮೊನ್ನೆ ಪಕ್ಕದ ಮನೆಯ ಬಸಮ್ಮ ಬಂದು ಕೈಮುಗಿದಳು. ಅಪ್ಪ ಎದೆ ಮುಚ್ಚಿಕೊಂಡು ಕುಸಿದುಬಿದ್ದರು. ಹಣೆಗೆ ಹೊಲಿಗೆ ಹಾಕಿಸಬೇಕಾಯಿತು.

ಹಣ್ಣು ತರಬೇಡಿ, ನುಂಗಲಾರರು. ಹಳೆಯ ಸ್ವೆಟರ್ ಇದ್ದರೆ ತನ್ನಿ, ನೀವು ತೊಡಿಸಿದರೆ ಹಾಕಿಕೊಂಡಾರು.

ಈ ಸಲ ಕೈಮುಗಿಯಬೇಡಿ, ಮಾವ.

ಇಂತಿ,
ನಿಮ್ಮ ಗೆಳೆಯನ ಮಗಳು
ಪಲ್ಲವಿ